ನುಡಿಯ ನಡೆ: ‘ಎವ್ರಿಬಡಿ’ ಎಂದರೆ ಎಷ್ಟು ಮಂದಿ?

ಬೆಂಗಳೂರಿನ ಒಂದು ಮನೆ. ಸಂಜೆ ಏಳು ಗಂಟೆಯ ಸಮಯ. ಕಚೇರಿಯಿಂದ ಹಿಂದಿರುಗಿದ ಮಗಳು ಕೈಚೀಲವನ್ನು ಕುರ್ಚಿಯ ಮೇಲಿಟ್ಟು, ತಾಯಿ ತಂದಿಟ್ಟ ಕಾಫಿಯನ್ನೂ ಮುಟ್ಟದೆ ಕಿಟಕಿಯ ಬಳಿ ಕುಳಿತುಬಿಟ್ಟಳು. ಅವಳು ಕೆಲಸಕ್ಕೆ ಸೇರಿ ಮೂರು ತಿಂಗಳೂ ತುಂಬಿರಲಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಅನಂತರ ಸ್ವಂತ ಪ್ರಯತ್ನದಿಂದಲೇ ಇಂಗ್ಲಿಷನ್ನು ಒಲಿಸಿಕೊಂಡ ಹುಡುಗಿ ಅವಳು.

“ಏನಾಯಿತೇ?” ಎಂದು ತಾಯಿ ಎರಡು ಸಲ ಕೇಳಿದ ಮೇಲೆ ಸಂಗತಿ ಹೊರಬಿದ್ದಿತು. ಸಂಘವೊಂದರ ಸದಸ್ಯರ ಒಪ್ಪಿಗೆಯ ವಿಚಾರವಾಗಿ ಅವಳು ಒಂದು ಪತ್ರವನ್ನು ಬರೆದಿದ್ದಳು. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ‘ಈಚ್ ಆಫ್ ದಿ ಮೆಂಬರ್ಸ್ ಹ್ಯಾವ್ ಸೈನ್ಡ್, ಆಂಡ್ ನನ್ ಆಫ್ ದೆಮ್ ಹ್ಯಾವ್ ಅಬ್ಜೆಕ್ಟೆಡ್.’ ಸದಸ್ಯರಲ್ಲಿ ಪ್ರತಿಯೊಬ್ಬರೂ ಸಹಿ ಮಾಡಿದ್ದಾರೆ, ಅವರಲ್ಲಿ ಯಾರೂ ಆಕ್ಷೇಪಿಸಿಲ್ಲ ಎಂದು ಅದರ ತಾತ್ಪರ್ಯ. ಮೇಲಧಿಕಾರಿಗಳು ಎರಡು ‘ಹ್ಯಾವ್’ಗಳನ್ನೂ ಕೆಂಪು ಶಾಯಿಯಿಂದ ಹೊಡೆದುಹಾಕಿ, ಎಂಟು ಮಂದಿಯ ಎದುರಿಗೆ ಆ ವಾಕ್ಯವನ್ನು ಗಟ್ಟಿಯಾಗಿ ಓದಿ, “ಹೈಸ್ಕೂಲಿನ ವ್ಯಾಕರಣವೂ ಬರುವುದಿಲ್ಲವಲ್ಲ!” ಎಂದು ನಕ್ಕಿದ್ದರು.

“ಇನ್ನು ಮುಂದೆ ಪತ್ರ ಬರೆಯುವ ಕೆಲಸವನ್ನು ಬೇರೆ ಯಾರಿಗಾದರೂ ಕೊಡಿ ಎಂದು ಹೇಳಿಬಿಡುತ್ತೇನಮ್ಮ. ನನಗೆ ಬೇಡ” ಎಂದಳು ಮಗಳು.

ಮೂಲೆಯ ಆರಾಮಕುರ್ಚಿಯಲ್ಲಿ ಕುಳಿತಿದ್ದ ತಾತ ಕನ್ನಡಕವನ್ನು ಏರಿಸಿಕೊಂಡರು. ಹೈಸ್ಕೂಲಿನಲ್ಲಿ ಬಹುಕಾಲ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು ಅವರು. “ಎಲ್ಲಿ, ಆ ಕಾಗದ ತಾ ನೋಡೋಣ” ಎಂದರು. ಓದಿದರು. ಮತ್ತೊಮ್ಮೆ ಓದಿದರು.

“ಮಗೂ, ಇದರಲ್ಲಿ ಒಂದು ತಪ್ಪು ನಿನ್ನದು, ನಿಜ. ಇನ್ನೊಂದು ತಪ್ಪು ಅವರದು” ಎಂದರು ತಾತ.

ಈ ತೀರ್ಪಿನ ಅರ್ಥವೇನು? ಒಂದೇ ವಾಕ್ಯದಲ್ಲಿ ಒಂದು ‘ಹ್ಯಾವ್’ ತಪ್ಪಾಗಿ, ಇನ್ನೊಂದು ‘ಹ್ಯಾವ್’ ಸರಿಯಾಗುವುದು ಹೇಗೆ? ಇಂಗ್ಲಿಷ್ ಕಲಿಯುವ ಪ್ರತಿಯೊಂದು ಕನ್ನಡ ಮನೆಯಲ್ಲಿಯೂ ಒಂದಲ್ಲ ಒಂದು ದಿನ ಏಳುವ ಪ್ರಶ್ನೆ ಇದು. ಅದನ್ನು ಸಾವಧಾನವಾಗಿ ವಿಚಾರಿಸುವುದು ಒಳ್ಳೆಯದು.

ಕನ್ನಡದ ದಾರಿ, ಇಂಗ್ಲಿಷಿನ ದಾರಿ

ಹೆಸರಿಟ್ಟು ಹೇಳದೆ, ಇಂಥವರೇ ಎಂದು ಬೆರಳು ತೋರಿಸದೆ, ‘ಯಾರೋ’, ‘ಎಲ್ಲರೂ’, ‘ಪ್ರತಿಯೊಬ್ಬರೂ’, ‘ಕೆಲವರು’, ‘ಯಾರೂ ಇಲ್ಲ’ ಎಂದು ಸೂಚಿಸುವ ಪದಗಳು ಎಲ್ಲ ಭಾಷೆಗಳಲ್ಲಿಯೂ ಉಂಟು. ಇವುಗಳಿಗೆ ಅನಿರ್ದಿಷ್ಟ ಸರ್ವನಾಮಗಳೆಂದು ಹೆಸರು. ವಾಕ್ಯದಲ್ಲಿ ಇವು ಕರ್ತೃವಾಗಿ ನಿಂತಾಗ ಕ್ರಿಯಾಪದವು ಏಕವಚನದಲ್ಲಿರಬೇಕೋ ಬಹುವಚನದಲ್ಲಿರಬೇಕೋ ಎಂಬುದೇ ತೊಡಕು.

ಕನ್ನಡವು ಈ ತೊಡಕನ್ನು ಮರ್ಯಾದೆಯಿಂದ ಬಿಡಿಸಿಕೊಂಡಿದೆ. ಬಾಗಿಲನ್ನು ಯಾರೋ ತಟ್ಟಿದರೆಂದು ಇಟ್ಟುಕೊಳ್ಳಿ. ತಟ್ಟಿದ ಕೈ ಒಂದೇ ಎಂಬುದು ಸದ್ದಿನಿಂದಲೇ ಗೊತ್ತಾಗುತ್ತದೆ. ಆದರೂ ಒಳಗಿನಿಂದ ಬರುವ ಮಾತು “ಯಾರು ಬಂದರು?” ಎಂದೇ. ‘ಬಂದನು’ ಎಂದಲ್ಲ, ‘ಬಂದಳು’ ಎಂದಲ್ಲ. “ಯಾವನು ಬಂದ?” ಎಂದು ಕೇಳಿದರೆ ಜಗಳಕ್ಕೆ ನಿಂತಂತಾಗುತ್ತದೆ. ‘ಯಾರೋ ನಿಂತಿದ್ದಾರೆ’, ‘ಒಬ್ಬರು ಕೇಳಿದರು’, ‘ಪ್ರತಿಯೊಬ್ಬರೂ ಸಹಿ ಮಾಡಿದ್ದಾರೆ’ ಎಂಬ ವಾಕ್ಯಗಳನ್ನು ನೋಡಿ. ‘ಒಬ್ಬರು’ ಎಂಬ ಪದದಲ್ಲಿ ಸಂಖ್ಯೆ ಒಂದೇ ಆಗಿದ್ದರೂ ಕ್ರಿಯಾಪದಕ್ಕೆ ಬಹುವಚನ. ಬಂದವರು ಗಂಡಸೋ ಹೆಂಗಸೋ, ಹಿರಿಯರೋ ಕಿರಿಯರೋ ತಿಳಿಯದಿರುವಾಗ ‘ರು’ ಎಂದುಬಿಟ್ಟರೆ ಯಾರಿಗೂ ಅಗೌರವವಾಗುವುದಿಲ್ಲ. ಇದು ಕನ್ನಡದ ನಡವಳಿಕೆ.

ಇಂಗ್ಲಿಷಿನ ನಡವಳಿಕೆ ಬೇರೆ. ಅಲ್ಲಿ ಕ್ರಿಯಾಪದವು ಕಣ್ಣೆದುರಿಗೆ ಇರುವ ಜನರನ್ನು ಎಣಿಸುವುದಿಲ್ಲ. ಹೆಚ್ಚಾಗಿ ಪದವನ್ನೇ ನೋಡುತ್ತದೆ. ‘ಎವ್ರಿಬಡಿ’ ಎಂಬುದನ್ನು ಬಿಡಿಸಿದರೆ ಕೊನೆಯಲ್ಲಿ ಇರುವುದು ‘ಬಡಿ’, ಅಂದರೆ ಒಂದು ದೇಹ, ಒಬ್ಬ ವ್ಯಕ್ತಿ. ‘ಎವ್ರಿವನ್’ ಎಂಬುದರ ಕೊನೆಯಲ್ಲಿ ಇರುವುದು ‘ವನ್’, ಅಂದರೆ ಒಂದು. ಸಭೆಯಲ್ಲಿ ಸಾವಿರ ಮಂದಿ ಸೇರಿದ್ದರೂ ಇಂಗ್ಲಿಷು ಅವರನ್ನು ಗುಂಪಾಗಿ ಕಾಣದೆ, ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನಾಗಿ ಮುಂದೆ ಕರೆಯುತ್ತದೆ. ಆದುದರಿಂದ ‘ಎವ್ರಿಬಡಿ ಹ್ಯಾಸ್ ಕಮ್’ ಎಂದೇ ಹೇಳಬೇಕು. ‘ಎವ್ರಿಬಡಿ ಹ್ಯಾವ್ ಕಮ್’ ಎಂದರೆ ತಪ್ಪು. ‘ಎವ್ರಿ’ ಎಂಬ ಪದವೇ ಹಳೆಯ ಇಂಗ್ಲಿಷಿನಲ್ಲಿ ‘ಎಂದೆಂದಿಗೂ ಒಂದೊಂದೂ’ ಎಂಬರ್ಥದ ಎರಡು ಪದಗಳು ಕೂಡಿ ಆದದ್ದು. ಅದರ ಹೊಟ್ಟೆಯಲ್ಲಿ ‘ಈಚ್’ ಅಡಗಿದೆ.

ಇಂಗ್ಲಿಷಿನಲ್ಲಿ ವಚನಭೇದವು ಕ್ರಿಯಾಪದದಲ್ಲಿ ಕಾಣಿಸುವ ಸ್ಥಳಗಳು ಬಹಳವಿಲ್ಲ ಎಂಬುದು ಒಂದು ಸಮಾಧಾನ. ‘ಈಸ್’ ಮತ್ತು ‘ಆರ್’, ‘ವಾಸ್’ ಮತ್ತು ‘ವರ್’, ‘ಹ್ಯಾಸ್’ ಮತ್ತು ‘ಹ್ಯಾವ್’, ‘ಡಸ್’ ಮತ್ತು ‘ಡೂ’. ಇವಲ್ಲದೆ ವರ್ತಮಾನಕಾಲದಲ್ಲಿ ‘ಕಮ್ಸ್’, ‘ಗೋಸ್’ ಎನ್ನುವಾಗ ಬಾಲಕ್ಕೆ ಅಂಟುವ ಒಂದು ಸಕಾರ. ಕನ್ನಡದ ‘ಬಂದನು, ಬಂದಳು, ಬಂದಿತು, ಬಂದರು, ಬಂದುವು’ ಎಂಬ ಐದು ರೂಪಗಳಿಗೆ ಇಂಗ್ಲಿಷಿನ ‘ಕೇಮ್’ ಒಂದೇ ಸಾಕು. ಆದರೆ ಇರುವ ಆ ಕೆಲವೇ ಸ್ಥಳಗಳಲ್ಲಿ ಎಡವಿದರೆ ಕೇಳುವವರ ಕಿವಿಗೆ ಕೂಡಲೇ ತಾಗುತ್ತದೆ.

ಅಂದಮೇಲೆ ಮೊಮ್ಮಗಳು ‘ಈಚ್ ಆಫ್ ದಿ ಮೆಂಬರ್ಸ್ ಹ್ಯಾವ್’ ಎಂದು ಬರೆದದ್ದಕ್ಕೆ ಎರಡು ಕಾರಣಗಳನ್ನು ಹೇಳಬಹುದು. ಒಂದು, ‘ಪ್ರತಿಯೊಬ್ಬರೂ ಮಾಡಿದ್ದಾರೆ’ ಎಂಬ ಕನ್ನಡದ ಬಹುವಚನ ಬೆನ್ನ ಹಿಂದೆ ನಿಂತು ಕೈಹಿಡಿದು ಬರೆಯಿಸಿತು. ಎರಡು, ‘ಹ್ಯಾವ್’ ಎಂಬುದಕ್ಕೆ ಅಂಟಿಕೊಂಡೇ ‘ಮೆಂಬರ್ಸ್’ ಎಂಬ ಬಹುವಚನ ಕುಳಿತಿದೆ. ನೆರೆಮನೆಯ ಪದವು ಕ್ರಿಯಾಪದವನ್ನು ತನ್ನ ಕಡೆಗೆ ಎಳೆದುಕೊಂಡಿತು. ಮೊದಲನೆಯದು ಕನ್ನಡಿಗರ ತೊಂದರೆ. ಎರಡನೆಯದಕ್ಕೆ ಇಂಗ್ಲಿಷನ್ನೇ ತಾಯ್ನುಡಿಯಾಗಿ ಉಳ್ಳವರೂ ಅವಸರದ ಮಾತಿನಲ್ಲಿ ಬಲಿಯಾಗುತ್ತಾರೆ.

ಮೂರು ಪಂಗಡಗಳು

ಅನಿರ್ದಿಷ್ಟ ಸರ್ವನಾಮಗಳನ್ನು ಮೂರು ಪಂಗಡಗಳಾಗಿ ವಿಂಗಡಿಸಿಕೊಂಡರೆ ಮುಕ್ಕಾಲು ಪಾಲು ತೊಂದರೆ ತೀರುತ್ತದೆ.

ಮೊದಲನೆಯದು ಒಂಟಿಗಳ ಪಂಗಡ. ‘ಈಚ್’, ‘ಈದರ್’, ‘ನೀದರ್’, ‘ವನ್’, ‘ಅನದರ್’. ಜತೆಗೆ ‘ವನ್’, ‘ಬಡಿ’, ‘ಥಿಂಗ್’ ಎಂದು ಕೊನೆಗೊಳ್ಳುವ ‘ಎವ್ರಿವನ್’, ‘ಸಮ್‌ಬಡಿ’, ‘ಎನಿಥಿಂಗ್’, ‘ನೋಬಡಿ’ ಮುಂತಾದುವು. ಇವುಗಳಿಗೆ ಏಕವಚನವೇ ಗತಿ. ‘ಸಮ್‌ಬಡಿ ಈಸ್ ಅಟ್ ದಿ ಡೋರ್’, ‘ನಥಿಂಗ್ ವಾಸ್ ಲೆಫ್ಟ್’, ‘ಈಚ್ ಆಫ್ ದಿ ರೂಮ್ಸ್ ಹ್ಯಾಸ್ ಎ ವಿಂಡೋ’.

ಎರಡನೆಯದು ಬಳಗದ ಪಂಗಡ. ‘ಬೋತ್’, ‘ಫ್ಯೂ’, ‘ಮೆನಿ’, ‘ಸೆವೆರಲ್’, ‘ಅದರ್ಸ್’. ಇವು ಎಂದಿಗೂ ಒಂಟಿಯಾಗಿ ಇರತಕ್ಕವಲ್ಲ, ಬಹುವಚನವನ್ನೇ ಬೇಡುತ್ತವೆ. ‘ಬೋತ್ ಆರ್ ಹಿಯರ್’, ‘ಮೆನಿ ಹ್ಯಾವ್ ಟ್ರೈಡ್, ಫ್ಯೂ ಹ್ಯಾವ್ ಸಕ್ಸೀಡೆಡ್’.

ಮೂರನೆಯದು ಎರಡೂ ಕಡೆ ಸಲ್ಲುವ ಪಂಗಡ. ‘ಆಲ್’, ‘ಸಮ್’, ‘ಎನಿ’, ‘ಮೋಸ್ಟ್’ ಮತ್ತು ‘ನನ್’. ಇವು ಯಾವ ವಸ್ತುವನ್ನು ಕುರಿತು ಹೇಳಲ್ಪಟ್ಟಿವೆಯೋ ಅದನ್ನು ನೋಡಿಯೇ ವಚನವನ್ನು ನಿರ್ಣಯಿಸಬೇಕು. ಅಳೆಯುವ ವಸ್ತುವಾದರೆ ಏಕವಚನ. ಎಣಿಸುವ ವಸ್ತುಗಳಾದರೆ ಬಹುವಚನ. ‘ಸಮ್ ಆಫ್ ದಿ ಮಿಲ್ಕ್ ಈಸ್ ಸೋರ್’ ಎಂದರೆ ಹಾಲಿನಲ್ಲಿ ಸ್ವಲ್ಪ ಹುಳಿಯಾಗಿದೆ. ‘ಸಮ್ ಆಫ್ ದಿ ಚಿಲ್ಡ್ರನ್ ಆರ್ ಹಂಗ್ರಿ’ ಎಂದರೆ ಮಕ್ಕಳಲ್ಲಿ ಕೆಲವರು ಹಸಿದಿದ್ದಾರೆ. ಕನ್ನಡವೂ ಇಲ್ಲಿ ಅದೇ ವಿವೇಕವನ್ನು ತೋರಿಸುತ್ತದೆ. ಹಾಲಿಗೆ ‘ಸ್ವಲ್ಪ’, ಮಕ್ಕಳಿಗೆ ‘ಕೆಲವರು’ ಎಂದು ಬೇರೆ ಬೇರೆ ಪದಗಳನ್ನೇ ಇಟ್ಟುಕೊಂಡಿದೆ. ಇಂಗ್ಲಿಷಿನಲ್ಲಿ ಪದ ಒಂದೇ ಆದ ಕಾರಣ ಭೇದವನ್ನು ತೋರಿಸುವ ಭಾರ ಕ್ರಿಯಾಪದದ ಮೇಲೆ ಬಿದ್ದಿದೆ.

ಬೆರಳಿನ ಉಪಾಯ

ಪಂಗಡಗಳನ್ನು ಬಾಯಿಪಾಠ ಮಾಡಿಯೂ ಬರೆಯುವ ಹೊತ್ತಿಗೆ ಮರೆಯುವವರಿಗೆ ಒಂದು ಸುಲಭವಾದ ಉಪಾಯವುಂಟು. ‘ಆಫ್’ ಎಂಬ ಪದದಿಂದ ಮೊದಲಾಗಿ ಕ್ರಿಯಾಪದದವರೆಗಿನ ಭಾಗವನ್ನು ಬೆರಳಿನಿಂದ ಮುಚ್ಚಬೇಕು. ‘ಈಚ್ ಆಫ್ ದಿ ಮೆಂಬರ್ಸ್’ ಎಂಬಲ್ಲಿ ಬೆರಳಿಟ್ಟರೆ ಉಳಿಯುವುದು ‘ಈಚ್’ ಮಾತ್ರ. ‘ಈಚ್ ಹ್ಯಾಸ್ ಸೈನ್ಡ್.’ ಸಂದೇಹವೇ ಇಲ್ಲ. ‘ಬೋತ್ ಆಫ್ ದಿ ಬ್ರದರ್ಸ್’ ಎಂಬಲ್ಲಿ ಉಳಿಯುವುದು ‘ಬೋತ್’. ‘ಬೋತ್ ಹ್ಯಾವ್ ಸೈನ್ಡ್.’ ಅದೂ ನಿಶ್ಚಯ.

ಬೆರಳಿಟ್ಟ ಮೇಲೆ ‘ಸಮ್’, ‘ಆಲ್’, ‘ಮೋಸ್ಟ್’ ಎಂಬ ಪದಗಳು ಉಳಿದರೆ ಮಾತ್ರ ಬೆರಳನ್ನು ಎತ್ತಿ ಕೆಳಗಿರುವುದು ಹಾಲೋ ಮಕ್ಕಳೋ ಎಂದು ನೋಡಬೇಕು. ಮೊದಲ ಎರಡು ಪಂಗಡಗಳಿಗೆ ಬೆರಳು ಮುಚ್ಚಿಯೇ ಇರಲಿ. ಮೂರನೆಯದಕ್ಕೆ ಬೆರಳು ತೆರೆಯಲಿ. ಪರೀಕ್ಷೆಗೆ ಕುಳಿತ ಮಗುವಿಗೂ ಕಚೇರಿಯ ಪತ್ರವನ್ನು ತಿದ್ದುವ ದೊಡ್ಡವರಿಗೂ ಈ ಉಪಾಯ ಸಮಾನವಾಗಿ ಉಪಯೋಗಕ್ಕೆ ಬರುತ್ತದೆ.

ಆದರೂ ಮೋಸಗೊಳಿಸುವ ಕೆಲವು ಪ್ರಯೋಗಗಳನ್ನು ಪ್ರತ್ಯೇಕವಾಗಿ ನೆನಪಿಡಬೇಕು. ‘ಮೆನಿ’ ಬಳಗದ ಪದವಾದರೂ ಅದರ ಜತೆ ‘ಎ’ ಸೇರಿದೊಡನೆ ಒಂಟಿಯಾಗುತ್ತದೆ: ‘ಮೆನಿ ಎ ಮ್ಯಾನ್ ಹ್ಯಾಸ್ ಫೇಲ್ಡ್.’ ‘ಮೋರ್ ದ್ಯಾನ್ ವನ್’ ಎಂದರೆ ಒಂದಕ್ಕಿಂತ ಹೆಚ್ಚು. ಲೆಕ್ಕದ ಪ್ರಕಾರ ಅದು ಬಹುವಚನವಾಗಬೇಕು. ಆದರೆ ‘ಮೋರ್ ದ್ಯಾನ್ ವನ್ ಹೌಸ್ ವಾಸ್ ಡ್ಯಾಮೇಜ್ಡ್’ ಎಂದು ಏಕವಚನದಲ್ಲಿಯೇ ಬರೆಯುತ್ತಾರೆ. ಇದಕ್ಕೆ ವಿರುದ್ಧವಾಗಿ, ‘ಶೀ ಈಸ್ ವನ್ ಆಫ್ ದೋಸ್ ಹೂ ವರ್ಕ್ ಹಾರ್ಡ್’ ಎಂಬಲ್ಲಿ ‘ವರ್ಕ್ಸ್’ ಎನ್ನುವ ಆಸೆಯನ್ನು ತಡೆಯಬೇಕು. ಕಷ್ಟಪಟ್ಟು ದುಡಿಯುವವರು ಅನೇಕರು, ಅವರಲ್ಲಿ ಅವಳೊಬ್ಬಳು. ‘ಹೂ’ ಎಂಬುದು ಆ ಅನೇಕರನ್ನು ಹಿಡಿಯುತ್ತದೆಯೇ ಹೊರತು ಅವಳೊಬ್ಬಳನ್ನಲ್ಲ.

‘ನನ್’ ಎಂಬ ಕಗ್ಗಂಟು

ಇನ್ನು ಮೇಲಧಿಕಾರಿಗಳ ಎರಡನೆಯ ಕೆಂಪು ಗೆರೆಯನ್ನು ವಿಚಾರಿಸೋಣ. ‘ನನ್’ ಎಂದರೆ ‘ಒಬ್ಬರೂ ಇಲ್ಲ’ ಅಥವಾ ‘ಒಂದೂ ಇಲ್ಲ’. ಹಳೆಯ ಇಂಗ್ಲಿಷಿನಲ್ಲಿ ‘ಇಲ್ಲ’ ಎಂಬ ಪದವೂ ‘ಒಂದು’ ಎಂಬ ಪದವೂ ಬೆಸೆದು ಇದು ಹುಟ್ಟಿತು. ಹುಟ್ಟಿನಲ್ಲಿ ‘ಒಂದು’ ಇರುವುದರಿಂದ ಇದಕ್ಕೆ ಯಾವಾಗಲೂ ಏಕವಚನವೇ ಬರಬೇಕೆಂದು ವಾದಿಸಿದವರು ಅನೇಕರು. ಶಾಲೆಗಳಲ್ಲಿ ಹಾಗೆಯೇ ಕಲಿಸಿದ ಉಪಾಧ್ಯಾಯರೂ ಅನೇಕರು.

ಆದರೆ ಪದದ ಹುಟ್ಟು ಬೇರೆ, ಬದುಕು ಬೇರೆ. ಇಂಗ್ಲೆಂಡಿನಲ್ಲಿ 9ನೆಯ ಶತಮಾನದಲ್ಲಿ ಆಳಿದ ಆಲ್ಫ್ರೆಡ್ ದೊರೆಯ ಬರೆಹದಲ್ಲಿಯೇ ಈ ಪದವು ಬಹುವಚನವಾಗಿ ಬಂದಿದೆ. ಅಲ್ಲಿಂದ ಇಂದಿನವರೆಗೆ ಎರಡು ಬಗೆಯ ಪ್ರಯೋಗಗಳೂ ಜತೆಜತೆಯಾಗಿ ನಡೆದುಬಂದಿವೆ. ಇಂಗ್ಲಿಷ್ ಪ್ರಯೋಗದ ವಿಚಾರದಲ್ಲಿ ಬಹುಮಂದಿ ಪ್ರಮಾಣವೆಂದು ಒಪ್ಪುವ ಎಚ್. ಡಬ್ಲ್ಯೂ. ಫೌಲರ್ ಎಂಬ ವಿದ್ವಾಂಸರು 1926ರಲ್ಲಿ ಪ್ರಕಟಿಸಿದ ಕೋಶದಲ್ಲಿ, ‘ನನ್’ ಏಕವಚನವೇ ಆಗಬೇಕೆಂದು ಭಾವಿಸುವುದೇ ತಪ್ಪೆಂದು ಸ್ಪಷ್ಟಪಡಿಸಿದ್ದಾರೆ. ‘ನನ್ ಆಫ್ ದೆಮ್ ಹ್ಯಾಸ್’ ಎಂದರೆ ಒಬ್ಬೊಬ್ಬರನ್ನೂ ಕರೆದು ಕೇಳಿ, ‘ಒಬ್ಬರೂ ಇಲ್ಲ’ ಎಂದು ಒತ್ತಿ ಹೇಳಿದಂತೆ. ‘ನನ್ ಆಫ್ ದೆಮ್ ಹ್ಯಾವ್’ ಎಂದರೆ ಗುಂಪನ್ನು ಒಟ್ಟಾಗಿ ನೋಡಿ ಹೇಳಿದಂತೆ. ಎರಡೂ ಸಾಧುವೇ. ಆದರೆ ‘ನನ್ ಆಫ್ ದಿ ಮಿಲ್ಕ್’ ಎಂಬಂತಹ ಅಳತೆಯ ವಸ್ತುವಿಗೆ ಮಾತ್ರ ಏಕವಚನವನ್ನು ಬಿಟ್ಟು ಬೇರೆ ದಾರಿಯಿಲ್ಲ.

ಈ ಪದದ ವಿಷಯದಲ್ಲಿ ಕನ್ನಡವು ಯಾವ ಸಹಾಯವನ್ನೂ ಮಾಡುವುದಿಲ್ಲ ಎಂಬುದನ್ನೂ ಗಮನಿಸಬೇಕು. ‘ನಾನು ಬರಲಿಲ್ಲ’, ‘ಅವರು ಬರಲಿಲ್ಲ’, ‘ಯಾರೂ ಬರಲಿಲ್ಲ’, ‘ಒಂದೂ ಬರಲಿಲ್ಲ’ ಎಂದು ಹೇಳುವಾಗ ‘ಬರಲಿಲ್ಲ’ ಎಂಬ ರೂಪವು ಎಲ್ಲಿಯೂ ಬದಲಾಗುವುದಿಲ್ಲ. ನಿಷೇಧಕ್ಕೆ ಬಂದೊಡನೆ ಕನ್ನಡವು ಲಿಂಗವನ್ನೂ ವಚನವನ್ನೂ ಬದಿಗಿಟ್ಟುಬಿಡುತ್ತದೆ. ಆದುದರಿಂದ ‘ನನ್’, ‘ನೋಬಡಿ’, ‘ನೀದರ್’ ಎಂಬ ನಿಷೇಧದ ಪದಗಳ ಮುಂದೆ ಕನ್ನಡಿಗರು ತಡವರಿಸಿದರೆ ಅದು ಬುದ್ಧಿಯ ಕೊರತೆಯಲ್ಲ.

‘ನೀದರ್’ ಎಂಬುದಕ್ಕೆ ಮಾತ್ರ ‘ನನ್’ನಷ್ಟು ಸ್ವಾತಂತ್ರ್ಯವಿಲ್ಲ. ‘ನೀದರ್ ಆಫ್ ದೆಮ್ ಆರ್’ ಎಂಬ ಪ್ರಯೋಗ ಆಡುಮಾತಿನಲ್ಲಿ ಕೇಳಿಬರುತ್ತದೆಯಾದರೂ ಬರೆಹದಲ್ಲಿ, ಅದರಲ್ಲಿಯೂ ಪರೀಕ್ಷೆಯಲ್ಲಿ, ‘ಈಸ್’ ಎಂದು ಬರೆಯುವುದೇ ಕ್ಷೇಮ.

ನಿಯಮಗಳು ಬಂದದ್ದು ಎಲ್ಲಿಂದ?

ಇಷ್ಟು ಕಟ್ಟುನಿಟ್ಟಿನ ನಿಯಮಗಳು ಆಕಾಶದಿಂದ ಇಳಿದುವಲ್ಲ. 18ನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿದ್ವಾಂಸರಿಗೆ ತಮ್ಮ ಭಾಷೆಯನ್ನು ಒಪ್ಪವಾಗಿ ಕಟ್ಟಬೇಕೆಂಬ ಹಂಬಲ ಬಲವಾಯಿತು. ಮುಂದೆ ಲಂಡನ್ನಿನ ಬಿಷಪ್ಪರಾದ ರಾಬರ್ಟ್ ಲೌತ್ ಅವರ ವ್ಯಾಕರಣವು 1762ರಲ್ಲಿ ಹೊರಬಂದಿತು. ಅಮೆರಿಕದಲ್ಲಿ ಹುಟ್ಟಿ ವಕೀಲರಾಗಿ, ಇಂಗ್ಲೆಂಡಿನ ಯಾರ್ಕ್ ನಗರದ ಬಳಿ ನೆಲೆಸಿದ ಲಿಂಡ್ಲೆ ಮರೆ ಎಂಬವರು ಅಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಗಾಗಿ ಬರೆದ ವ್ಯಾಕರಣವು 1795ರಲ್ಲಿ ಪ್ರಕಟವಾಯಿತು. ‘ಈಚ್’, ‘ಎವ್ರಿ’, ‘ಈದರ್’ ಎಂಬುವು ಏಕವಚನದೊಡನೆ ಮಾತ್ರ ಹೊಂದತಕ್ಕವೆಂಬ ನಿಯಮವು ಮರೆಯವರ ಪುಸ್ತಕದಲ್ಲಿ ಖಚಿತವಾಗಿ ಕಾಣುತ್ತದೆ. ಆ ಪುಸ್ತಕವು ಇಂಗ್ಲಿಷ್ ನಾಡುಗಳಲ್ಲೆಲ್ಲ ಅಪಾರವಾಗಿ ಮಾರಾಟವಾಯಿತು.

ಭಾರತದ ಶಾಲೆಗಳಿಗೆ ಈ ಸಂಪ್ರದಾಯವು ಬೇರೆ ಪುಸ್ತಕಗಳ ಮೂಲಕ ಹರಿದುಬಂದಿತು. ಮುತ್ತಜ್ಜಂದಿರ ಕಾಲದಲ್ಲಿ ನೆಸ್‌ಫೀಲ್ಡರ ವ್ಯಾಕರಣ. ಆಮೇಲೆ, ಇಂದಿಗೂ ಅನೇಕ ಮನೆಗಳ ಕಪಾಟಿನಲ್ಲಿ ಕುಳಿತಿರುವ ‘ರೆನ್ ಮತ್ತು ಮಾರ್ಟಿನ್’. ಈ ರೆನ್ ಎಂಬವರು ಭಾರತದ ವಿದ್ಯಾ ಇಲಾಖೆಯಲ್ಲಿ ಕೆಲಸ ಮಾಡಿದವರು. 1924ರಲ್ಲಿ ಪ್ರಕಟವಾದ ‘ಬೋ ಜೆಸ್ಟ್’ ಎಂಬ ಸಾಹಸದ ಕಾದಂಬರಿಯಿಂದ ಹೆಸರುವಾಸಿಯಾದವರೂ ಅವರೇ. ಅವರ ವ್ಯಾಕರಣವೇ ‘ನನ್’ ಎಂಬುದು ‘ನಾಟ್ ವನ್’ ಎಂಬುದರ ಸಂಕ್ಷೇಪವಾದರೂ ಸಾಮಾನ್ಯವಾಗಿ ಬಹುವಚನದೊಡನೆ ಪ್ರಯೋಗವಾಗುತ್ತದೆ ಎಂದು ಒಪ್ಪಿಕೊಂಡಿದೆ. ಹೈಸ್ಕೂಲಿನ ವ್ಯಾಕರಣವು ನಿಜವಾಗಿ ಹೇಳುವುದು ಇದು.

‘ಹಿಸ್’ ಏಕೆ, ‘ದೇರ್’ ಏಕೆ?

ಕ್ರಿಯಾಪದದ ತಕರಾರು ತೀರಿದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ‘ಪ್ರತಿಯೊಬ್ಬರೂ ತಮ್ಮ ಪುಸ್ತಕವನ್ನು ತಂದಿದ್ದಾರೆ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ‘ಎವ್ರಿವನ್ ಹ್ಯಾಸ್ ಬ್ರಾಟ್’ ಎಂಬಲ್ಲಿಗೆ ಬಂದು, ಮುಂದೆ ‘ಹಿಸ್ ಬುಕ್’ ಎನ್ನಬೇಕೋ, ‘ಹರ್ ಬುಕ್’ ಎನ್ನಬೇಕೋ, ‘ದೇರ್ ಬುಕ್’ ಎನ್ನಬೇಕೋ?

ಹಳೆಯ ಪಾಠಪುಸ್ತಕಗಳು ‘ಹಿಸ್’ ಎಂದವು. ಪುಲ್ಲಿಂಗದಲ್ಲಿ ಸ್ತ್ರೀಯರೂ ಸೇರಿದ್ದಾರೆ ಎಂಬುದು ಅವುಗಳ ಸಮಾಧಾನ. ಇದನ್ನು ಕಾನೂನೂ ಎತ್ತಿಹಿಡಿಯಿತು. ಪುಲ್ಲಿಂಗದ ಪದಗಳು ಸ್ತ್ರೀಯರನ್ನೂ ಒಳಗೊಳ್ಳುತ್ತವೆಂದು ಬ್ರಿಟಿಷ್ ಪಾರ್ಲಿಮೆಂಟು 1850ರಲ್ಲಿ ಒಂದು ಶಾಸನವನ್ನೇ ಮಾಡಿತು. ಭಾರತದ 1897ರ ಜನರಲ್ ಕ್ಲಾಸಸ್ ಕಾಯಿದೆಯ 13ನೆಯ ಕಲಮು ಅದನ್ನೇ ಹೇಳುತ್ತದೆ. ಏಕವಚನವು ಬಹುವಚನವನ್ನೂ, ಬಹುವಚನವು ಏಕವಚನವನ್ನೂ ಒಳಗೊಳ್ಳುತ್ತದೆ ಎಂದೂ ಅದರಲ್ಲಿದೆ. ಸಂದರ್ಭವು ವಿರುದ್ಧವಾಗಿಲ್ಲದಿದ್ದರೆ ಮಾತ್ರ ಎಂಬ ಒಂದು ಷರತ್ತೂ ಉಂಟು.

ಆದರೆ ವ್ಯಾಕರಣದಲ್ಲಿ ಸೇರಿಸಿಕೊಂಡವರನ್ನು ಬದುಕಿನಲ್ಲಿ ಸೇರಿಸಿಕೊಂಡರೆ? ಆ ಕಾಯಿದೆ ಜಾರಿಯಲ್ಲಿದ್ದಾಗಲೇ, 1916ರಲ್ಲಿ, ಪ್ಲೀಡರಾಗಲು ಅರ್ಜಿ ಹಾಕಿದ ರೆಜಿನಾ ಗುಹಾ ಎಂಬ ಮಹಿಳೆಯನ್ನು ಕಲ್ಕತ್ತೆಯ ಹೈಕೋರ್ಟು ಹೆಂಗಸೆಂಬ ಕಾರಣದಿಂದ ಹಿಂದಕ್ಕೆ ಕಳುಹಿಸಿತು. 1921ರಲ್ಲಿ ಪಾಟ್ನಾದ ಹೈಕೋರ್ಟಿನಲ್ಲಿ ಸುಧಾಂಶುಬಾಲಾ ಹಜ್ರಾ ಅವರಿಗೂ ಅದೇ ಉತ್ತರ ದೊರೆಯಿತು. ಮಹಿಳೆಯರು ವಕೀಲಿ ಮಾಡಬಹುದೆಂದು 1923ರಲ್ಲಿ ಪ್ರತ್ಯೇಕವಾದ ಶಾಸನವೇ ಆಗಬೇಕಾಯಿತು. ‘ಹೀ’ ಎಂಬುದರೊಳಗೆ ‘ಶೀ’ ಇದ್ದಾಳೆ ಎಂಬ ಮಾತು ಎಷ್ಟು ಸಡಿಲವಾದ ಆಶ್ವಾಸನೆ ಎಂಬುದು ಇದರಿಂದ ತಿಳಿಯುತ್ತದೆ.

ಇತ್ತ ಜನರ ಮಾತು ತನ್ನ ದಾರಿಯನ್ನು ತಾನು ಹಿಡಿದಿತ್ತು. ‘ಎವ್ರಿವನ್ ಹ್ಯಾಸ್ ಬ್ರಾಟ್ ದೇರ್ ಬುಕ್’ ಎಂಬ ಬಗೆಯ ಪ್ರಯೋಗವು ಇಂಗ್ಲಿಷಿನಲ್ಲಿ 14ನೆಯ ಶತಮಾನದಿಂದಲೂ ದೊರೆಯುತ್ತದೆ. ಜೇನ್ ಆಸ್ಟೆನ್ನರ ಕಾದಂಬರಿಗಳಲ್ಲಿ ಅದು ಹೇರಳವಾಗಿದೆ. ವ್ಯಾಕರಣಜ್ಞರು ಇನ್ನೂರು ವರ್ಷಗಳ ಕಾಲ ಗದರಿಸಿದರೂ ಅದು ಹೋಗಲಿಲ್ಲ. 2019ರಲ್ಲಿ ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು ‘ದೇ’ ಎಂಬುದನ್ನೇ ಆ ವರ್ಷದ ಪದವೆಂದು ಘೋಷಿಸಿತು. ಇಂದು ಬಹುಮಟ್ಟಿಗೆ ಎಲ್ಲೆಡೆಯೂ ‘ದೇರ್’ ಎಂಬುದಕ್ಕೆ ಮನ್ನಣೆಯುಂಟು. ಕ್ರಿಯಾಪದವು ‘ಹ್ಯಾಸ್’ ಎಂದು ಏಕವಚನದಲ್ಲಿಯೇ ಉಳಿಯುತ್ತದೆ; ಸರ್ವನಾಮ ಮಾತ್ರ ‘ದೇರ್’ ಎಂದಾಗುತ್ತದೆ.

ಓದುಗರು ಇಲ್ಲಿ ಒಂದು ಸ್ವಾರಸ್ಯವನ್ನು ಕಾಣಬಹುದು. ಗಂಡಸೋ ಹೆಂಗಸೋ ತಿಳಿಯದಿದ್ದಾಗ ಬಹುವಚನವನ್ನು ಆಶ್ರಯಿಸುವುದು, ಯಾರನ್ನೂ ಹೊರಗಿಡದೆ ‘ತಮ್ಮ’ ಎನ್ನುವುದು ಕನ್ನಡದ ಮನೆಮನೆಯ ರೂಢಿ. ಇಂಗ್ಲಿಷು ತನ್ನ ಪಂಡಿತರೊಡನೆ ಜಗಳವಾಡಿ ಕೊನೆಗೆ ಬಂದು ನಿಂತದ್ದೂ ಅದೇ ಮೆಟ್ಟಿಲಿಗೆ. ಕನ್ನಡಿಗರು ‘ಎವ್ರಿಬಡಿ ಹ್ಯಾವ್’ ಎಂದಾಗ ಇಂಗ್ಲಿಷಿನ ನಿಯಮ ತಪ್ಪುತ್ತದೆ, ಅದನ್ನು ತಿದ್ದಿಕೊಳ್ಳಲೇಬೇಕು. ಆದರೆ ಆ ತಪ್ಪಿನ ಬೇರು ಅಜ್ಞಾನದಲ್ಲಿಲ್ಲ, ಮರ್ಯಾದೆಯಲ್ಲಿದೆ. ತಿದ್ದುವವರು ಇದನ್ನು ತಿಳಿದು ತಿದ್ದಿದರೆ ಕಲಿಯುವವರ ಮುಖ ಬಾಡುವುದಿಲ್ಲ.

ಆ ರಾತ್ರಿ ಊಟವಾದ ಮೇಲೆ ತಾತ ಕಪಾಟಿನಿಂದ ರಟ್ಟು ಕಿತ್ತುಹೋದ ಹಳೆಯ ವ್ಯಾಕರಣದ ಪುಸ್ತಕವನ್ನು ತೆಗೆದು ಮೊಮ್ಮಗಳ ಮುಂದಿಟ್ಟರು. ಅವಳು ‘ಈಚ್’ ಎಂಬುದರ ಮುಂದಿನ ಪದಗಳ ಮೇಲೆ ಬೆರಳಿಟ್ಟು ನೋಡಿದಳು. ‘ನನ್’ ಎಂಬುದರ ವಿವರವನ್ನು ಎರಡು ಸಲ ಓದಿದಳು.

“ಹಾಗಾದರೆ ನಾಳೆ ಈ ಪುಟವನ್ನು ಅವರಿಗೆ ತೋರಿಸಲೇ, ತಾತ?”

“ಮೊದಲು ನಿನ್ನ ತಪ್ಪನ್ನು ತಿದ್ದಿಕೊಂಡು ಹೋಗು, ಮಗೂ. ಅವರದನ್ನು ಅವರು ಕೇಳಿದಾಗ ತೋರಿಸು. ಎಂಟು ಜನರ ಎದುರಿಗೆ ಮಾತ್ರ ಬೇಡ.”

ಮರುದಿನ ಅವಳು ಪತ್ರವನ್ನು ಹೊಸದಾಗಿ ಬರೆದಳು. ಮೊದಲನೆಯ ‘ಹ್ಯಾವ್’ ಎಂಬುದನ್ನು ‘ಹ್ಯಾಸ್’ ಎಂದು ತಿದ್ದಿ, ಎರಡನೆಯದನ್ನು ಹಾಗೆಯೇ ಬಿಟ್ಟಳು. ಮೇಲಧಿಕಾರಿಗಳು ಓದಿದರು; ಎರಡನೆಯ ‘ಹ್ಯಾವ್’ ಬಳಿ ಅವರ ಲೇಖನಿ ನಿಂತಿತು. ತಲೆಯೆತ್ತಿ ಅವಳನ್ನು ನೋಡಿದರು. “ಇದು ಹೀಗೂ ಇರಬಹುದು ಸರ್, ನೋಡಿಕೊಂಡು ಬಂದಿದ್ದೇನೆ” ಎಂದಳು ಅವಳು, ಮೆಲ್ಲಗೆ. ಅವರು ಏನನ್ನೂ ಹೇಳಲಿಲ್ಲ. ಸಹಿ ಹಾಕಿದರು. ಅದರ ಮುಂದಿನ ಪತ್ರವನ್ನೂ ಅವಳಿಗೇ ಬರೆಯಲು ಕೊಟ್ಟರು.

ಅಭ್ಯಾಸಕ್ಕೆ

ಕೆಳಗಿನ ವಾಕ್ಯಗಳಲ್ಲಿ ಬಿಟ್ಟಿರುವ ಸ್ಥಳಕ್ಕೆ ಯಾವ ಪದ ಸರಿ ಎಂಬುದನ್ನು ಮನೆಮಂದಿಯೆಲ್ಲ ಕುಳಿತು ನಿರ್ಣಯಿಸಬಹುದು.

1. ‘ಎವ್ರಿವನ್ ಇನ್ ದಿ ಹೌಸ್ …… ಅಸ್ಲೀಪ್.’ ‘ಈಸ್’ ಎನ್ನಬೇಕೆ, ‘ಆರ್’ ಎನ್ನಬೇಕೆ?

2. ‘ಬೋತ್ ಆಫ್ ದಿ ಸಿಸ್ಟರ್ಸ್ …… ವೆಲ್.’ ‘ಸಿಂಗ್’ ಎನ್ನಬೇಕೆ, ‘ಸಿಂಗ್ಸ್’ ಎನ್ನಬೇಕೆ?

3. ‘ಮೋಸ್ಟ್ ಆಫ್ ದಿ ರೈಸ್ …… ಬೀನ್ ಸೋಲ್ಡ್.’ ‘ಹ್ಯಾಸ್’ ಎನ್ನಬೇಕೆ, ‘ಹ್ಯಾವ್’ ಎನ್ನಬೇಕೆ?

4. ‘ನೀದರ್ ಆಫ್ ದಿ ಟ್ಯಾಪ್ಸ್ …… ಪ್ರಾಪರ್ಲಿ.’ ‘ವರ್ಕ್’ ಎನ್ನಬೇಕೆ, ‘ವರ್ಕ್ಸ್’ ಎನ್ನಬೇಕೆ?

5. ‘ಮೆನಿ ಎ ಸ್ಟೂಡೆಂಟ್ …… ಮೇಡ್ ದಿಸ್ ಮಿಸ್ಟೇಕ್.’ ‘ಹ್ಯಾಸ್’ ಎನ್ನಬೇಕೆ, ‘ಹ್ಯಾವ್’ ಎನ್ನಬೇಕೆ?

6. ‘ನನ್ ಆಫ್ ದಿ ಮ್ಯಾಂಗೋಸ್ …… ರೈಪ್.’ ‘ಈಸ್’ ಎನ್ನಬೇಕೆ, ‘ಆರ್’ ಎನ್ನಬೇಕೆ?

ಉತ್ತರಗಳು: 1. ಈಸ್. 2. ಸಿಂಗ್. 3. ಹ್ಯಾಸ್, ಅಕ್ಕಿ ಅಳೆಯುವ ವಸ್ತು. 4. ವರ್ಕ್ಸ್. 5. ಹ್ಯಾಸ್. 6. ಎರಡೂ ಸರಿ, ಈ ಒಂದರ ವಿಷಯದಲ್ಲಿ ಮನೆಯಲ್ಲಿ ಯಾರೂ ಯಾರನ್ನೂ ಗದರಿಸಬೇಕಾಗಿಲ್ಲ.